ಪಾಲಿಗೆ ಬಂದ ಡ್ರೈವ್

ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ದಿನ ಇಬ್ಬರ ಬಾಯಿಂದಲೂ ಒಂದೇ ಒಂದು ಗಟ್ಟಿ ಮಾತು ಬರಲಿಲ್ಲವಂತೆ. ಬರುವುದಾದರೂ ಎಲ್ಲಿಂದ? ಆಡಬೇಕಾದ್ದನ್ನೆಲ್ಲ ಅದಕ್ಕೆ ಮೊದಲೇ ಬೀದಿಗೆ ಕೇಳುವಂತೆ ಆಡಿ ಮುಗಿಸಿದ್ದರು.

ಇಬ್ಬರದೂ ಸೋಫಾ ಹೊಲಿಯುವ ಕಸುಬು. ಒಂದೇ ಅಂಗಡಿ, ಒಂದೇ ಮನೆ. ಅಣ್ಣನಿಗೆ ಗಿರಾಕಿಗಳು ಇಟ್ಟ ಹೆಸರು ನಿಧಾನಪ್ಪ. ಹಳೆಯ ಕುರ್ಚಿಯೊಂದು ಅವನ ಕೈಗೆ ಬಂದರೆ ಮೊಳೆ ಮೊಳೆಯನ್ನೂ ಕಿತ್ತು, ಒಳಗಿನ ನಾರು ಬಿಸಿಲಿಗೆ ಹಾಕಿ, ಸ್ಪ್ರಿಂಗುಗಳನ್ನು ಒಂದೊಂದಾಗಿ ಒತ್ತಿ ನೋಡಿ, ಆಮೇಲೆ ಹೊಲಿಗೆಗೆ ಕೂರುತ್ತಿದ್ದ. ತಮ್ಮ ಹಾಗಲ್ಲ. ಹಳೆಯ ಬಟ್ಟೆಯ ಮೇಲೇ ಹೊಸದನ್ನು ಎಳೆದು ಟಕಟಕ ಪಿನ್ನು ಹೊಡೆದು ಕಳಿಸೋಣ, ಯಾರು ಬಿಚ್ಚಿ ನೋಡುತ್ತಾರೆ ಎನ್ನುವವನು. ಈ ಪಿನ್ನು ಹೊಡೆಯುವ ಯಂತ್ರದಿಂದ ಶುರುವಾದ ಕಿರಿಕಿರಿ ಅಂಗಡಿಯನ್ನು ನುಂಗಿ, ಅಡುಗೆಮನೆಗೆ ನುಗ್ಗಿ, ಕೊನೆಗೆ ಮನೆಯನ್ನೇ ಎರಡು ಮಾಡಿತು.

ಪಾಲಿನ ದಿನ ಅಕ್ಕ ಊರಲ್ಲಿರಲಿಲ್ಲ. ಅಕ್ಕ ಎಂದರೆ ನಿಧಾನಪ್ಪನ ಹೆಂಡತಿ. ವಾರಗಿತ್ತಿ ಅಕ್ಕ ಅಂದಳೆಂದು ಬೀದಿಯವರೆಲ್ಲ ಅಕ್ಕ ಅಂದರು, ಅದೇ ಹೆಸರಾಗಿ ಉಳಿಯಿತು. ತಾಯಿಗೆ ಹುಷಾರಿಲ್ಲವೆಂದು ತವರಿಗೆ ಹೋಗಿದ್ದವಳು ವಾಪಸು ಬಂದು ಬಾಗಿಲು ತೆಗೆದರೆ ಮನೆ ಬಾಯಿ ತೆರೆದುಕೊಂಡಂತಿತ್ತು. ಗೋಡೆಯ ಮೇಲೆ ಬೀರು ಇದ್ದ ಜಾಗದ ಬಿಳಿ ಗುರುತು. ಅಡುಗೆಮನೆಯ ಶೆಲ್ಫಿನಲ್ಲಿ ಒಂದು ಬಿಟ್ಟು ಒಂದು ಡಬ್ಬ.

ನಿಧಾನಪ್ಪ ಪ್ರತಿಯೊಂದನ್ನೂ ತೋರಿಸುತ್ತ ನಡೆದ. ಕುರ್ಚಿ ಇಷ್ಟು ಅವರಿಗೆ, ಇಷ್ಟು ನಮಗೆ. ಬೆಸ ಬಂದಲ್ಲೆಲ್ಲ ಹೆಚ್ಚಿನದನ್ನು ತಮ್ಮನಿಗೇ ಕೊಟ್ಟಿದ್ದ. ಯಾರೂ ನಾಳೆ ಬೆರಳು ತೋರಿಸಬಾರದು ಎಂಬ ಹಟ. ಅಪ್ಪನ ಕಾಲದ ದೊಡ್ಡ ಕತ್ತರಿ ಒಂದೇ ಇತ್ತು, ಅದನ್ನೂ ತಮ್ಮನಿಗೆ ಬಿಟ್ಟಿದ್ದ. ಕತ್ತರಿಯ ತಿರುಪು ಬಿಚ್ಚಿ ಆಳಿಗೊಂದು ಅಲಗು ಹಂಚುವಷ್ಟು ದಡ್ಡನೇನೂ ಅವನಲ್ಲ.

ಒಳಕೋಣೆಯ ಮೇಜಿನ ಮೇಲೆ ಕಂಪ್ಯೂಟರ್ ಅಲ್ಲೇ ಇತ್ತು. ಅಕ್ಕನಿಗೆ ಅದನ್ನು ಕಂಡು ಜೀವ ಬಂದಂತಾಯಿತು. ಹತ್ತಿರ ಹೋದಾಗ ಡಬ್ಬದ ಪಕ್ಕದ ತಗಡಿನ ತಿರುಪುಗಳು ಸಡಿಲವಾಗಿದ್ದವು. ತಗಡು ಸರಿಸಿ ನೋಡಿದಳು. ವಿಡಿಯೋದ ಎರಡು ಹಾರ್ಡ್ ಡ್ರೈವ್ ಕೂತಿರಬೇಕಾದ ಕಡೆ ಒಂದೇ ಇತ್ತು. ಇನ್ನೊಂದರ ಕೇಬಲ್ಲು ಸುಮ್ಮನೆ ಜೋತಾಡುತ್ತಿತ್ತು.

"ರೀ, ಇನ್ನೊಂದು ಡ್ರೈವ್ ಎಲ್ಲಿ?"

"ಅದಾ? ಅವನಿಗೆ ಕೊಟ್ಟೆ. ಎರಡಿತ್ತಲ್ಲ, ಒಬ್ಬೊಬ್ರಿಗೆ ಒಂದೊಂದು. ಕಂಪ್ಯೂಟರ್ ನಮಗೆ, ಕ್ಯಾಮೆರಾ ಅವರಿಗೆ. ಅವರು ತೆಗೆದ ವಿಡಿಯೋನೂ ಅದ್ರಲ್ಲೇ ಇತ್ತು ಅಲ್ವಾ? ಪಾಪ, ಅವರಿಗೂ ಅರ್ಧ ಬೇಡ್ವಾ?"

ಅಕ್ಕ ಮಂಚದ ಅಂಚಿನಲ್ಲಿ ಕೂತಳು.

"ಯಾಕೆ, ಸುಸ್ತಾ?" ಎಂದ ಅವನು. "ಕಂಪ್ಯೂಟರ್ ಬಗ್ಗೆ ನೀನೇನೂ ಯೋಚನೆ ಮಾಡ್ಬೇಡ. ಧೂಳೆಲ್ಲ ಒರೆಸಿ, ಎಲ್ಲಾ ಸರಿ ಮಾಡಿಟ್ಟಿದ್ದೀನಿ. ನೀನು ಬಂದು ಕೂತ್ರೆ ಆಯ್ತು."

ಅವಳ ತಲೆಗೆ ಧೂಳು ಎನ್ನುವುದಷ್ಟೇ ಹೊಕ್ಕಿತು. ಉಳಿದದ್ದು ಕಿವಿಯ ಪಕ್ಕದಲ್ಲೇ ಹಾದುಹೋಯಿತು.

ಆ ಡ್ರೈವ್‌ಗಳಲ್ಲಿ ಪಾಪಚ್ಚಿ ಇದ್ದಳು. ಪಾಪಚ್ಚಿ ಅವರಿಬ್ಬರ ಒಬ್ಬಳೇ ಮಗಳು. ಶಾಲೆಗೆ ಸೇರಿಸಬೇಕೆನ್ನುವ ವರ್ಷ ಜ್ವರ ಬಂತು, ಜ್ವರ ಮೆದುಳಿಗೇರಿತು, ಆಸ್ಪತ್ರೆಯಿಂದ ಮಗು ಹಿಂದಿರುಗಲಿಲ್ಲ. ಇದನ್ನು ಎಷ್ಟು ಬೇಗ ಹೇಳಿ ಮುಗಿಸಿದರೆ ಅಷ್ಟು ಒಳ್ಳೆಯದು. ಅದನ್ನು ನಿಧಾನವಾಗಿ ಹೇಳುವ ಶಕ್ತಿ ಆ ಮನೆಯಲ್ಲಿ ಯಾರಿಗೂ ಇಲ್ಲ.

ಮಗು ಇದ್ದಾಗ ಮನೆಯಲ್ಲಿ ಒಂದು ಕ್ಯಾಮೆರಾ ಇತ್ತು, ಪುಟ್ಟ ಕ್ಯಾಸೆಟ್ಟು ಹಾಕುವಂಥದ್ದು. ಅಕ್ಕನೂ ವಾರಗಿತ್ತಿಯೂ ಸರದಿಯ ಮೇಲೆ ಅದನ್ನು ಹಿಡಿದು ಪಾಪಚ್ಚಿಯ ಹಿಂದೆ ಓಡಾಡುತ್ತಿದ್ದರು. ಅವಳು ಸ್ನಾನ ಮಾಡಿದ್ದು, ಅತ್ತಿದ್ದು, ಸೋಫಾದ ಸ್ಪ್ರಿಂಗಿನ ಮೇಲೆ ಕುಣಿದು ಬೈಸಿಕೊಂಡದ್ದು, ಏನೂ ನಡೆಯದ ಮಧ್ಯಾಹ್ನಗಳು, ಎಲ್ಲವೂ. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯತೊಡಗಿದಾಗ ಇಬ್ಬರೂ ಗಾಬರಿಬಿದ್ದು ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ, ಚೆಂದಾಗಿ ಕತ್ತರಿಸಿ ಜೋಡಿಸಿ, ನೋಡುವಂಥ ಒಂದು ಚಿತ್ರ ಮಾಡೋಣ ಎಂದು ಹೊರಟರು. ಆಗಿನ್ನೂ ಮಗು ಇತ್ತು, ಮನೆಯೂ ಒಂದಿತ್ತು.

ವಿಡಿಯೋಗೆಂದೇ ಬೇರೆ ಒಂದು ಡ್ರೈವ್ ಹಾಕಿ ಶುರುಮಾಡಿದರು. ಚಿತ್ರ ಓಡುತ್ತ ಓಡುತ್ತ ನಿಂತುಬಿಡುತ್ತಿತ್ತು. ಪಾಪಚ್ಚಿ ಜಿಗಿದರೆ ಗಾಳಿಯಲ್ಲೇ ನೇತಾಡುವಳು, ದನಿ ಮಾತ್ರ ಮುಂದೆ ಹೋಗುವುದು. ಕಂಪ್ಯೂಟರ್ ಅಂಗಡಿಯವನನ್ನು ಕೇಳಿದರೆ ಅವನು ಇಂಥದೇ ಇನ್ನೊಂದು ಡ್ರೈವ್ ತಂದು, ಎರಡನ್ನೂ ಸೇರಿಸಿ ಯಂತ್ರದ ಕಣ್ಣಿಗೆ ಒಂದೇ ಎಂಬಂತೆ ಮಾಡಿಕೊಟ್ಟ. ಪ್ರತಿಯೊಂದು ಚಿತ್ರದ ಒಂದು ಚೂರು ಇದರಲ್ಲಿ, ಮುಂದಿನ ಚೂರು ಅದರಲ್ಲಿ, ಮತ್ತೆ ಇದರಲ್ಲಿ. ಇಬ್ಬರು ಎದುರುಬದುರು ಕೂತು ಒಂದೇ ಹೂಮಾಲೆ ಕಟ್ಟಿದ ಹಾಗೆ ಕೆಲಸ ಬೇಗ ಸಾಗುತ್ತದೆ ಎಂದ. ಜೊತೆಗೆ ಎಚ್ಚರಿಕೆಯನ್ನೂ ಹೇಳಿದ. "ಒಂದು ಕೆಟ್ರೆ ಎರಡೂ ಹೋದ ಹಾಗೆ, ನೋಡಿ. ಇದ್ರದೊಂದು ನಕಲು ಬೇರೆ ಡ್ರೈವಲ್ಲಿ ಇಟ್ಕೊಳ್ಳಿ."

"ನಾವೂ ಹಾಗೇ ಬಿಡಿ, ಒಬ್ರು ಕೆಟ್ರೆ ಇಬ್ರೂ ಕೆಡ್ತೀವಿ" ಎಂದು ವಾರಗಿತ್ತಿ ನಕ್ಕಿದ್ದಳು. ನಕಲು ಮಾಡುವುದನ್ನು ಇಂದು ನಾಳೆ ಎನ್ನುತ್ತ ಇಬ್ಬರೂ ಮುಂದೆ ಹಾಕಿದರು. ಬೂಷ್ಟು ಹಿಡಿದ ಕ್ಯಾಸೆಟ್ಟುಗಳನ್ನು ಮಾತ್ರ ಚಾಚೂ ತಪ್ಪದೆ ಆ ವಾರವೇ ಎಸೆದರು.

ಮಗು ಹೋದ ಮೇಲೆ ಅಕ್ಕ ಆ ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿದಳು. ವರ್ಷಗಳ ಕಾಲ ತೆಗೆಯಲಿಲ್ಲ. ಈಚೆಗಷ್ಟೇ, ಒಂದು ಬೆಳಗ್ಗೆ ಮಗುವಿನ ದನಿ ಎಷ್ಟು ನೆನೆದರೂ ನೆನಪಿಗೆ ಬಾರದೆ ಹೋದಾಗ, ಅವಳಿಗೆ ದಿಗಿಲಾಯಿತು. ತವರಿಂದ ಬಂದ ಕೂಡಲೇ ಕೂತು ನೋಡುತ್ತೇನೆ, ಎಷ್ಟೇ ಅಳು ಬಂದರೂ ಎದ್ದುಹೋಗುವುದಿಲ್ಲ ಎಂದು ಬಸ್ಸಿನಲ್ಲಿ ತನಗೆ ತಾನೇ ಹೇಳಿಕೊಂಡು ಬಂದಿದ್ದಳು.

ಈಗ ಅರ್ಧ ಮಾಲೆ ಇಲ್ಲಿ, ಅರ್ಧ ತಮ್ಮನ ಮನೆಯಲ್ಲಿ.

ಗಂಡನಿಗೆ ಇದನ್ನು ಬಿಡಿಸಿ ಹೇಳಬಹುದಿತ್ತು. ಹೇಳಿದರೆ ಅವನು ತಮ್ಮನ ಬಾಗಿಲಿಗೆ ಹೋಗಿ ಕೊಟ್ಟದ್ದನ್ನು ವಾಪಸು ಕೇಳಬೇಕಾಗುತ್ತಿತ್ತು. ನ್ಯಾಯವಾಗಿ ಪಾಲು ಮಾಡಿದೆ ಎಂಬುದೊಂದೇ ಈಗ ಅವನ ಹತ್ತಿರ ಉಳಿದಿದ್ದ ಸಮಾಧಾನ, ಅದಕ್ಕೆ ಯಾಕೆ ಕಲ್ಲು ಹಾಕುವುದು ಎಂದುಕೊಂಡಳು. ಎರಡೂ ಸುರಕ್ಷಿತವಾಗಿದ್ದರೆ ಜೋಡಿಸಿಬಿಟ್ಟರಾಯಿತು. ಅವನಿಗೆ ಹೇಳುವ ಪ್ರಮೇಯವೇ ಬರುವುದಿಲ್ಲ. ಮೈದುನ ತನ್ನ ಮನೆಗೆ ಬಂದ ಡ್ರೈವ್ ಅನ್ನು ಅಳಿಸಿ ಅಂಗಡಿಯ ಲೆಕ್ಕಕ್ಕೋ ಸಿನಿಮಾಕ್ಕೋ ಬಳಸಿಬಿಟ್ಟಿದ್ದರೆ ಏನು ಗತಿ ಎಂಬುದೊಂದೇ ಅವಳ ಹೆದರಿಕೆ. ಆ ಮೈದುನ ಯಾವುದನ್ನೂ ತಡಮಾಡುವವನಲ್ಲ.

ಹೋಗುವುದು ಸುಲಭವಿರಲಿಲ್ಲ. ಜಗಳದ ಕಾವಿನಲ್ಲಿ ವಾರಗಿತ್ತಿ ಒಂದು ಮಾತು ಅಂದಿದ್ದಳು: "ಮಗು ಹೋದ ಮೇಲೆ ನಿಮಗೆ ಬೇರೆಯವರ ಸುಖ ಕಂಡ್ರೆ ಆಗಲ್ಲ." ಅಂದ ಕೂಡಲೇ ಅವಳ ಮುಖವೇ ಬಿಳುಪೇರಿತ್ತು, ನಿಜ. ಆದರೆ ಆಡಿದ ಮಾತು ಆಡಿದ್ದೇ. ಅವತ್ತಿನಿಂದ ಇಬ್ಬರೂ ಮಾತು ಬಿಟ್ಟಿದ್ದರು. ಅಕ್ಕ ಆ ಮಾತನ್ನು ನುಂಗಿಕೊಂಡೇ ಮರುದಿನ ತನ್ನ ಪಾಲಿನ ಡ್ರೈವ್ ಅನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು, ಗಂಡನಿಗೆ ಪೇಟೆಗೆ ಎಂದಳು, ನಾಲ್ಕು ಬೀದಿ ದಾಟಿ ಹೊಸ ಬಾಡಿಗೆಮನೆಯ ಬಾಗಿಲು ತಟ್ಟಿದಳು.

ಬಾಗಿಲು ತೆಗೆದ ವಾರಗಿತ್ತಿ ಅಕ್ಕನ ಮುಖ ನೋಡಿದಳು, ಚೀಲ ನೋಡಿದಳು. ಬಾ ಎನ್ನಲೂ ಇಲ್ಲ. ತಿರುಗಿ ಒಳಗೆ ಓಡಿದಳು. ಬೀರುವಿನ ಬಾಗಿಲು ಕಿರುಗುಟ್ಟಿತು. ವಾಪಸು ಬಂದಾಗ ಅವಳ ಕೈಯಲ್ಲಿ ಉಣ್ಣೆಯ ಶಾಲಿನ ಗಂಟೊಂದಿತ್ತು.

"ಮುಟ್ಟಿಲ್ಲ ಅಕ್ಕ" ಎಂದಳು. "ಇವರು ಅಂಗಡಿ ಸಿಸಿಟಿವಿಗೆ ಹಾಕ್ತೀನಿ ಅಂತ ಕೂತಿದ್ರು. ಕೆಳಗೆ ಬಿದ್ದು ಕೆಟ್ಟೋಯ್ತು ಅಂತ ಸುಳ್ಳು ಹೇಳಿ ಎತ್ತಿಟ್ಟೆ. ನಿಮಗೆ ಫೋನ್ ಮಾಡ್ಬೇಕು ಅಂತ ದಿನಾ ಅನ್ಕೊತಿದ್ದೆ. ಯಾವ ಮುಖ ಇಟ್ಕೊಂಡು ಮಾಡ್ಲಿ?"

ಅಕ್ಕ ಗಂಟನ್ನು ತೆಗೆದುಕೊಳ್ಳುವ ಬದಲು ಗಂಟಿನ ಸಮೇತ ಅವಳನ್ನು ತಬ್ಬಿಕೊಂಡಳು. ಹೊಸ್ತಿಲಲ್ಲೇ ಇಬ್ಬರೂ ಅತ್ತರು. ಅತ್ತು ಮುಗಿದ ಮೇಲೆ ಹಳೆಯ ಕಾಲ ಬಂದುಬಿಟ್ಟಂತೆ ನಕ್ಕರು. "ಪಾಲು ಮಾಡಿದ ಮಹಾನುಭಾವರಿಗೆ ಒಂದು ಸನ್ಮಾನ ಇಟ್ಕೊಬೇಕು" ಎಂದಳು ವಾರಗಿತ್ತಿ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಇಬ್ಬರೂ ಕಂಪ್ಯೂಟರ್ ಅಂಗಡಿಗೆ ಹೊರಟರು. ಅಲ್ಲಿಗೆ ಹೋಗುವ ದಾರಿಯಲ್ಲಿ ಅಕ್ಕನಿಗೆ ಬಹಳ ದಿನಗಳ ಮೇಲೆ ಹಸಿವಾಯಿತು.

ಅಂಗಡಿಯವನಿಗೆ ಇಬ್ಬರ ನೆನಪೂ ಇತ್ತು. ಎರಡೂ ಡ್ರೈವ್‌ಗಳನ್ನು ತನ್ನ ಯಂತ್ರಕ್ಕೆ ಸಿಕ್ಕಿಸಿ, ಪರದೆ ನೋಡುತ್ತ ಕೂತ. ಒಮ್ಮೆ ಕೇಬಲ್ಲು ಕಿತ್ತು ಮತ್ತೆ ಸಿಕ್ಕಿಸಿದ. ವಾರಗಿತ್ತಿ ತಂದಿದ್ದು ಸರಿಯಾಗೇ ಇದೆ ಎಂದ. ಇನ್ನೊಂದರ ಮೇಲೆ ಬೆರಳಿಟ್ಟು, "ಇದನ್ನ ಯಾರೋ ಫಾರ್ಮ್ಯಾಟ್ ಮಾಡಿದ್ದಾರೆ" ಎಂದ.

"ಅದು ನಮ್ಮನೇದು" ಎಂದಳು ಅಕ್ಕ. "ನಮ್ಮನೇಲಿ ಯಾರೂ ಮುಟ್ಟಲ್ಲ."

"ಹೆದರ್ಕೊಬೇಡಿ. ಫಾರ್ಮ್ಯಾಟ್ ಮಾಡಿದ್ರೆ ಸಾಮಾನ್ಯವಾಗಿ ಮೇಲಿನ ಹೆಸರುಗಳಷ್ಟೇ ಅಳಿಸಿ ಹೋಗಿರ್ತವೆ, ಒಳಗಿನ ಸರಕು ಹಾಗೇ ಇರತ್ತೆ. ಎತ್ತಬಹುದು."

ಅವನು ಹುಡುಕಲು ಹಚ್ಚಿದ. ಪರದೆಯ ಮೇಲೆ ಸಾಲುಸಾಲಾಗಿ ಸೊನ್ನೆಗಳು ಬಂದವು. ಬೇರೆ ಕಡೆ ನೋಡಿದ, ಸೊನ್ನೆ. ನಡುವಿನಲ್ಲಿ, ಕೊನೆಯಲ್ಲಿ, ಎಲ್ಲಿ ಕೈಹಾಕಿದರೂ ಸೊನ್ನೆ. ಅವನು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ತಳ್ಳಿದ.

"ಇದು ಕ್ವಿಕ್ ಫಾರ್ಮ್ಯಾಟ್ ಅಲ್ಲ, ಪೂರ್ತಿ ಮಾಡಿದ್ದಾರೆ. ಈ ತುದಿಯಿಂದ ಆ ತುದಿವರೆಗೂ ಒರೆಸಿದ ಹಾಗೆ. ಯಾರೂ ಇಷ್ಟು ಹೊತ್ತು ಕಾಯಲ್ಲವಲ್ಲ..."

ಅಕ್ಕ ಆಗಲೇ ಫೋನು ತೆಗೆದಿದ್ದಳು. ದನಿಯನ್ನು ಗಟ್ಟಿಮಾಡಿಕೊಂಡಳು. "ರೀ, ಕಂಪ್ಯೂಟರ್ ಸರಿ ಮಾಡಿದೆ ಅಂದ್ರಲ್ಲ, ಏನ್ ಮಾಡಿದ್ರಿ?"

ಆ ಕಡೆಯ ದನಿ ಉಬ್ಬಿಹೋಯಿತು. ಹೆಂಡತಿ ತನ್ನ ಕೆಲಸವನ್ನು ಗಮನಿಸಿ ಕೇಳಿದಳಲ್ಲ ಎಂಬ ಖುಷಿ. "ಅವನ ಪಾಲಿಂದು ತೆಗೆದುಕೊಟ್ಟ ಮೇಲೆ ಹಾಕಿ ನೋಡಿದೆ. ನಮ್ಮ ಡ್ರೈವ್ ತೆಗೀಲೇ ಇಲ್ಲ. ಓದೋಕಾಗ್ತಿಲ್ಲ, ಬಳಸ್ಬೇಕಾದ್ರೆ ಫಾರ್ಮ್ಯಾಟ್ ಮಾಡ್ಬೇಕು, ಮಾಡ್ಲಾ ಅಂತ ಅದೇ ಕೇಳ್ತು. ಕೆಳಗಿನ್ನೂ ಏನೇನೋ ಬರೆದಿತ್ತು, ನನಗೆ ಆ ಇಂಗ್ಲಿಷ್ ಅಷ್ಟು ಹತ್ತಲ್ಲ. ಮಾಡು ಅಂದೆ. ಅಲ್ಲಿ ಕ್ವಿಕ್ ಅಂತ ಒಂದು ಟಿಕ್ ಇತ್ತು ನೋಡು. ನನ್ನ ಹತ್ರ ಅದೆಲ್ಲ ನಡೆಯಲ್ಲ. ಅವಸರ ಮಾಡಿ ನಿನ್ನ ಕೆಲಸ ಕೆಟ್ರೆ? ಟಿಕ್ ತೆಗೆದೆ. ಇಡೀ ದಿನ ತಗೊಳ್ತು. ಅಂಗಡಿಗೂ ಹೋಗ್ಲಿಲ್ಲ, ಪಕ್ಕದಲ್ಲೇ ಕೂತಿದ್ದೆ. ಈಗ ಡ್ರೈವ್ ಮುಟ್ಟಿದ್ರೆ ತೆಗೆಯತ್ತೆ. ನೀನು ನಿನ್ನ ಎಡಿಟಿಂಗ್ ತೆಗೆದು ಕೂತ್ಕೋ, ಅಷ್ಟೇ."

"ಒಳ್ಳೇದು ಮಾಡಿದ್ರಿ" ಎಂದಳು ಅಕ್ಕ. ಫೋನಿಟ್ಟಳು.

ಫಾರ್ಮ್ಯಾಟ್ ಎಂದರೆ ಹಳೆಯ ಕುರ್ಚಿಯ ನಾರನ್ನು ಬಿಸಿಲಿಗೆ ಹಾಕಿ ಮತ್ತೆ ತುಂಬಿದಂಥ ರಿಪೇರಿ ಎಂದು ತಿಳಿದಿದ್ದವನನ್ನು ಯಾವ ಬಾಯಲ್ಲಿ ಬೈಯುವುದು? ಜೀವಮಾನದಲ್ಲಿ ಒಂದೇ ಒಂದು ಸಲ ಆ ಮನುಷ್ಯ ಅವಸರ ಮಾಡಿದ್ದರೆ ಮಗಳು ಉಳಿಯುತ್ತಿದ್ದಳು. ತಮ್ಮನ ಹಾಗೆ ಕೈಯಾಡಿಸಿ ಎದ್ದಿದ್ದರೆ ಸಾಕಿತ್ತು.

"ಈ ಇನ್ನೊಂದರಲ್ಲಿ ಇರೋದನ್ನಾದ್ರೂ?" ಎಂದು ವಾರಗಿತ್ತಿ ಕೇಳಿದಳು.

ಅಂಗಡಿಯವನು ತಲೆಯಾಡಿಸಿದ. ಒಂದು ಚೂರು ಇದ್ದು ಮುಂದಿನ ಚೂರು ಇಲ್ಲದಿದ್ದರೆ ಯಾವುದೂ ಓಡುವುದಿಲ್ಲ. ಮುಖವೂ ಬರುವುದಿಲ್ಲ, ದನಿಯೂ ಬರುವುದಿಲ್ಲ. ಅವನು ಎರಡನ್ನೂ ತಾನೇ ಬಿಚ್ಚಿ, ಒಂದನ್ನು ಟವೆಲಿನಲ್ಲೂ ಇನ್ನೊಂದನ್ನು ಶಾಲಿನಲ್ಲೂ ಮೊದಲಿದ್ದಂತೆ ಸುತ್ತಿ ಕೊಟ್ಟ.

ಇಬ್ಬರೂ ಬಸ್‌ಸ್ಟಾಪಿನ ಬೆಂಚಿನ ಮೇಲೆ ಕೂತರು. ಬಸ್ಸುಗಳು ಬಂದವು, ಹೋದವು. ಅಕ್ಕನಿಗೆ ಅಳು ಬರಲಿಲ್ಲ. ಎರಡನೆಯ ಸಲ ಮಗು ಸತ್ತಾಗ ಅಳುವುದು ಹೇಗೆ ಎಂದು ಅವಳಿಗೆ ಗೊತ್ತಿರಲಿಲ್ಲ. ಈ ಸಲ ಯಾರೂ ಮನೆಗೆ ಬಂದು ಕೈಹಿಡಿದು ಮಾತಾಡಿಸುವುದಿಲ್ಲ, ಯಾರೂ ಒಲೆ ಹಚ್ಚಿ ಕೊಡುವುದಿಲ್ಲ. ಏನು ಕಳೆದುಕೊಂಡಿರಿ ಎಂದರೆ ಒಂದು ಡ್ರೈವ್ ಅನ್ನಬೇಕು.

"ಭಾವನಿಗೆ ಹೇಳ್ಬೇಡಿ ಅಕ್ಕ" ಎಂದಳು ವಾರಗಿತ್ತಿ. "ಗೊತ್ತಾದ್ರೆ ಅವರು ಉಳಿಯಲ್ಲ. ನಮ್ಮ ಕಡೆ ಡ್ರೈವ್ ಕೆಟ್ಟೋಗಿತ್ತು ಅಂದ್ಬಿಡೋಣ. ಹೇಗೂ ಈ ಸುಳ್ಳು ನನಗೆ ಅಭ್ಯಾಸ ಆಗಿದೆ. ನಮ್ಮ ಮೇಲೆ ಅವರಿಗೆ ಸಿಟ್ಟಂತೂ ಇದ್ದೇ ಇದೆ, ಇದೂ ಒಂದು ಸೇರಲಿ."

"ನಿನ್ನ ತಲೆ ಮೇಲೆ ಯಾಕೆ ಹೊತ್ಕೊತೀಯ?"

"ಅವತ್ತು ಆ ಮಾತು ಅಂದ ಬಾಯಿ ಇದು. ಇಷ್ಟಾದ್ರೂ ಮಾಡ್ಲಿ."

ಅಕ್ಕ ಎದ್ದು ಮನೆಯ ದಾರಿ ಹಿಡಿದಾಗ ವಾರಗಿತ್ತಿಯೂ ಜೊತೆಗೆ ಹೆಜ್ಜೆ ಹಾಕಿದಳು.

ನಿಧಾನಪ್ಪ ಜಗುಲಿಯಲ್ಲಿ ಕೂತು ಕುರ್ಚಿಯೊಂದರ ಬೆನ್ನಿಗೆ ಹೊಲಿಗೆ ಹಾಕುತ್ತಿದ್ದ. ತಮ್ಮನ ಹೆಂಡತಿಯನ್ನು ಕಂಡು ಸೂಜಿ ಅಲ್ಲೇ ನಿಂತಿತು. ಅವನು ಎದ್ದ, ಪಂಚೆಯ ಮೇಲಿನ ದಾರದ ಚೂರು ಕೊಡವಿದ, ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕೂತ.

ಅಕ್ಕ ಬಾಯಿ ತೆರೆಯುವ ಮೊದಲೇ ವಾರಗಿತ್ತಿ ಶುರುಮಾಡಿದಳು. "ಭಾವ, ನಮಗೆ ಕೊಟ್ಟಿದ್ರಲ್ಲ ಡ್ರೈವು, ಅದು ನನ್ನ ಕೈಯಿಂದ ಬಿದ್ದು ಕೆಟ್ಟೋಯ್ತು. ಅಂಗಡಿಯವನೂ ಆಗಲ್ಲ ಅಂದ. ಅಕ್ಕನ ಹತ್ರ ಕ್ಷಮೆ ಕೇಳೋಕೆ ಬಂದೆ. ತಪ್ಪಾಯ್ತು."

ಅವನಿಗೆ ಸಿಟ್ಟು ಬರುತ್ತದೆ ಎಂದು ಅಕ್ಕ ಕಾದಳು, ಬರಲಿಲ್ಲ.

"ಬೇಕು ಅಂತ ಬೀಳ್ಸಿದ್ಯಾ? ಕೈ ಅಂದ ಮೇಲೆ ಜಾರತ್ತೆ" ಎಂದ. "ಅದಕ್ಕೆ ಇಷ್ಟು ಮುಖ ಸಣ್ಣಗೆ ಮಾಡ್ಕೊಂಡು ಬರ್ಬೇಕಾ? ಬಾ, ಒಳಗೆ ಬಾ." ಎದ್ದು ತಾನೇ ಒಂದು ಕುರ್ಚಿಯನ್ನು ಒಳಕೋಣೆಗೆ ಒಯ್ದ. ಇನ್ನೊಂದನ್ನೂ ಒಯ್ದ. ಮೇಜಿನ ಮುಂದೆ ಎರಡನ್ನೂ ಹಾಕಿ, ತಾನು ಮಂಚದ ಮೇಲೆ ಜಾಗ ಮಾಡಿಕೊಂಡ.

"ನಮ್ಮ ಪಾಲಿಂದು ಇದೆಯಲ್ಲ" ಎಂದ. "ಅರ್ಧ ಆದ್ರೂ ಅರ್ಧವೇ. ಅದನ್ನೇ ಮೂರೂ ಜನ ನೋಡೋಣ. ನಾನು ಒಂದು ದಿನಾನೂ ನೋಡಿಲ್ಲ, ಧೈರ್ಯ ಆಗಿರ್ಲಿಲ್ಲ. ನೀನು ಬಂದ ಮೇಲೆ ಜೊತೇಲಿ ನೋಡೋಣ ಅಂತಾನೇ ಅದನ್ನ ಸರಿ ಮಾಡಿಟ್ಟಿದ್ದು. ಹಾಕು. ಪಾಪಚ್ಚೀನ ನೋಡೋಣ."

ವಾರಗಿತ್ತಿ ಅಕ್ಕನ ಮುಖ ನೋಡಿದಳು. ಅವರು ಹೊಸೆದ ಸುಳ್ಳು ಇಲ್ಲಿಯವರೆಗೆ ಬರುವಷ್ಟು ಉದ್ದವಿರಲಿಲ್ಲ.

ಅಕ್ಕ ಕುರ್ಚಿಯ ಮೇಲೆ ಕೂರಲಿಲ್ಲ. ಗಂಡನ ಪಕ್ಕ ಮಂಚದ ಮೇಲೆ ಕೂತಳು. ಅವನ ಒರಟು ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಆಮೇಲೆ ಹೇಳಿದಳು. ಎರಡೂ ಸೇರಿ ಒಂದೇ ಆಗಿತ್ತು ಎಂಬುದನ್ನು ಹೇಳಿದಳು, ವಾರಗಿತ್ತಿ ಎತ್ತಿಟ್ಟಿದ್ದನ್ನು ಹೇಳಿದಳು, ಆ ಟಿಕ್ಕಿನ ವಿಷಯವನ್ನೂ ಹೇಳಿದಳು. ಯಾವುದನ್ನೂ ಮುಚ್ಚಿಡಲಿಲ್ಲ. ಅರ್ಧ ಹೇಳಿ ಅರ್ಧ ಬಿಟ್ಟಿದ್ದರೆ ಉಳಿದದ್ದನ್ನು ಅವನು ಬದುಕಿಡೀ ಬಿಚ್ಚಿ ಬಿಚ್ಚಿ ಹುಡುಕುತ್ತಿದ್ದ.

ಅವನು ಕೈ ಬಿಡಿಸಿಕೊಳ್ಳಲಿಲ್ಲ. "ಇಡೀ ದಿನ ಪಕ್ಕದಲ್ಲೇ ಕೂತಿದ್ದೆ" ಎಂದ. ಅಷ್ಟೇ ಅಂದದ್ದು. ಆ ಮೇಲೆ ಅವನ ಭುಜಗಳು ಕುಲುಕತೊಡಗಿದವು. ಭಾವನ ಎದುರು ಎಂಬ ಯಾವ ಸಂಕೋಚವೂ ಇಲ್ಲದೆ ವಾರಗಿತ್ತಿ ಅವನ ಕಾಲ ಬಳಿ ನೆಲದ ಮೇಲೆ ಕೂತು ಗೊಳೋ ಎಂದು ಅತ್ತಳು.

ಅಳು ಇಳಿದ ಮೇಲೆ ಅವನು ಕೇಳಿದ. "ಅದ್ರಲ್ಲಿ ಏನೇನಿತ್ತು? ಹೇಳಿ. ನಾನು ನೋಡೇ ಇಲ್ಲ."

ಅಕ್ಕ ಮೂಗೊರೆಸಿಕೊಂಡು ಹೇಳತೊಡಗಿದಳು. "ಮೊದಲನೇದು, ನಿಮ್ಮ ಅಂಗಡೀಲಿ. ಸ್ಪ್ರಿಂಗ್ ಮೇಲೆ ಹತ್ತಿ ಕುಣೀತಾಳೆ. ನೀವು ಬೈತೀರಿ. ಅವಳು ಹಳದಿ ಫ್ರಾಕ್ ಹಾಕ್ಕೊಂಡಿರ್ತಾಳೆ..."

"ಹಳದಿ ಅಲ್ಲ ಅಕ್ಕ" ಎಂದಳು ವಾರಗಿತ್ತಿ. "ನೀಲಿ. ನಾನೇ ತೆಗೆದಿದ್ದಲ್ವಾ ಅದನ್ನ."

"ಇಲ್ಲ ಕಣೆ, ಹಳದಿ. ನನಗೆ ಚೆನ್ನಾಗಿ ನೆನಪಿದೆ."

"ನೀಲಿ ಅಕ್ಕ. ಆಣೆಗೂ ನೀಲಿ."

ನಿಧಾನಪ್ಪ ಒಮ್ಮೆ ಹೆಂಡತಿಯ ಮುಖ ನೋಡಿದ, ಒಮ್ಮೆ ತಮ್ಮನ ಹೆಂಡತಿಯ ಮುಖ ನೋಡಿದ. ಯಾವುದು ಸರಿ ಎಂದು ನೋಡಿ ಹೇಳಲು ಈಗ ಎಲ್ಲಿಯೂ ಏನೂ ಇರಲಿಲ್ಲ.